ಸಿಗಡಿ ಕೃಷಿ: ಕೊಳದ ಆರೋಗ್ಯವೇ ಲಾಭದ ಮೂಲ

ಭಾರತದ ಸಾಗರೋತ್ಪನ್ನ ರಫ್ತಿನಲ್ಲಿ ಮೌಲ್ಯದ ದೃಷ್ಟಿಯಿಂದ ಶೈತ್ಯೀಕರಿಸಿದ ಸಿಗಡಿಗೆ ಅಗ್ರಸ್ಥಾನವಿದೆ. ಆದರೆ ಅದರ ಬೆಲೆ ನಿರ್ಧಾರವಾಗುವುದು ವಿದೇಶೀ ಮಾರುಕಟ್ಟೆಗಳಲ್ಲಿ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಸಿಗಡಿ ಉದ್ಯಮವು ಈ ಸತ್ಯವನ್ನು ಮತ್ತೊಮ್ಮೆ ಅನುಭವಿಸಿತು. ಮಾರಾಟ ಬೆಲೆಯು ಬೆಳೆಗಾರನ ಹಿಡಿತದಲ್ಲಿಲ್ಲ. ಬಹುಮಟ್ಟಿಗೆ ಆತನ ಹಿಡಿತದಲ್ಲಿರುವುದು ಪ್ರತಿ ಕಿಲೋಗ್ರಾಮಿನ ಉತ್ಪಾದನಾ ವೆಚ್ಚ. ಆ ವೆಚ್ಚವನ್ನು ನಿರ್ಧರಿಸುವ ಮುಖ್ಯ ಅಂಶವೇ ಕೊಳದ ಆರೋಗ್ಯ.

ಹಿನ್ನೆಲೆ

ಉತ್ತರ ಕನ್ನಡದ ಗಜನಿ ಭೂಮಿಗಳಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಿನ ನಂತರ ಉಬ್ಬರದ ನೀರಿನೊಡನೆ ಬರುವ ಮೀನು ಮತ್ತು ಸಿಗಡಿ ಎಂಬ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. 1990ರ ದಶಕದಲ್ಲಿ ದೇಶದ ಕರಾವಳಿಯುದ್ದಕ್ಕೂ ಟೈಗರ್ ಸಿಗಡಿಯ ವಾಣಿಜ್ಯ ಕೃಷಿ ಹಬ್ಬಿತು. ಕುಮಟಾ, ಅಂಕೋಲಾ, ಕುಂದಾಪುರ ಪ್ರದೇಶಗಳೂ ಇದಕ್ಕೆ ಹೊರತಾಗಲಿಲ್ಲ. ಆ ದಶಕದ ಮಧ್ಯಭಾಗದಲ್ಲಿ ಕಾಣಿಸಿಕೊಂಡ ಬಿಳಿ ಚುಕ್ಕೆ ವೈರಾಣು ರೋಗವು ಅನೇಕ ಕೊಳಗಳನ್ನು ಬರಿದುಮಾಡಿತು. ಕರಾವಳಿ ಜಲಕೃಷಿಯ ನಿಯಂತ್ರಣಕ್ಕಾಗಿ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂದಿತು. 2009ರಲ್ಲಿ ವನ್ನಾಮೈ ತಳಿಯ ಕೃಷಿಗೆ ಅನುಮತಿ ದೊರೆತು, ನಿರ್ದಿಷ್ಟ ರೋಗಮುಕ್ತ ತಾಯಿ ಸಿಗಡಿಗಳನ್ನು ಚೆನ್ನೈನ ಸಂಪರ್ಕನಿಷೇಧ ಕೇಂದ್ರದ ಮೂಲಕ ಆಮದು ಮಾಡಿಕೊಳ್ಳುವ ವ್ಯವಸ್ಥೆ ಏರ್ಪಟ್ಟಿತು. ಆದರೆ ತಾಯಿ ರೋಗಮುಕ್ತವಾಗಿದ್ದ ಮಾತ್ರಕ್ಕೆ ಮರಿಯೂ, ಅದು ಸೇರುವ ಕೊಳವೂ ರೋಗಮುಕ್ತವಾಗಿರುವುದಿಲ್ಲ ಎಂಬುದನ್ನು ಗಮನಿಸಬೇಕು.

ಎರಡು ಅನುಪಾತಗಳು

ಕೊಳದ ಆರೋಗ್ಯವನ್ನು ಲೆಕ್ಕಪತ್ರದ ಭಾಷೆಗೆ ತರುವ ಅನುಪಾತಗಳು ಎರಡು. ಮೊದಲನೆಯದು ಬದುಕುಳಿಯುವ ಪ್ರಮಾಣ, ಅಂದರೆ ಬಿಟ್ಟ ಮರಿಗಳಲ್ಲಿ ಕೊಯ್ಲಿನವರೆಗೆ ಉಳಿದವು ಶೇಕಡಾ ಎಷ್ಟು ಎಂಬುದು. ಎರಡನೆಯದು ಆಹಾರ ಪರಿವರ್ತನಾ ಅನುಪಾತ, ಅಂದರೆ ಒಂದು ಕಿಲೋ ಸಿಗಡಿ ಬೆಳೆಯಲು ಎಷ್ಟು ಕಿಲೋ ಆಹಾರ ಬೇಕಾಯಿತು ಎಂಬುದು. ಒಟ್ಟು ವೆಚ್ಚದಲ್ಲಿ ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಭಾಗ ಆಹಾರದ್ದೇ ಆಗಿರುವುದರಿಂದ ಇದರ ಮಹತ್ವ ಸ್ವಯಂವೇದ್ಯ.

ಕೇವಲ ಉದಾಹರಣೆಗಾಗಿ, ತಲಾ ಒಂದು ಹೆಕ್ಟೇರ್ ವಿಸ್ತೀರ್ಣದ ಎರಡು ಕೊಳಗಳಿಗೆ ತಲಾ 3,00,000 ಮರಿಗಳನ್ನು ಬಿಡಲಾಗಿದೆ ಎಂದು ಭಾವಿಸೋಣ. ಮರಿ, ವಿದ್ಯುತ್, ಕೂಲಿ ಮುಂತಾದ ಇತರ ವೆಚ್ಚ ಪ್ರತಿ ಕೊಳಕ್ಕೆ ರೂ. 5,00,000, ಆಹಾರದ ದರ ಕಿಲೋಗೆ ರೂ. 90, ಮಾರಾಟ ದರ ಕಿಲೋಗೆ ರೂ. 300 ಇರಲಿ.

ಮೊದಲ ಕೊಳ: ಶೇ. 80 ಬದುಕುಳಿದು, ಸರಾಸರಿ ತೂಕ 20 ಗ್ರಾಂ ಆದರೆ ಇಳುವರಿ 4,800 ಕಿಲೋ. ಪರಿವರ್ತನಾ ಅನುಪಾತ 1.4 ಆದರೆ ಆಹಾರ ವೆಚ್ಚ ರೂ. 6,04,800. ಒಟ್ಟು ವೆಚ್ಚ ರೂ. 11,04,800, ಅಂದರೆ ಕಿಲೋಗೆ ಸುಮಾರು ರೂ. 230. ಲಾಭ ರೂ. 3,35,200.

ಎರಡನೆಯ ಕೊಳ: ಶೇ. 55 ಬದುಕುಳಿದು, ಸರಾಸರಿ ತೂಕ 18 ಗ್ರಾಂ ಆದರೆ ಇಳುವರಿ 2,970 ಕಿಲೋ. ಅನುಪಾತ 1.9 ಆದರೆ ಆಹಾರ ವೆಚ್ಚ ರೂ. 5,07,870. ಒಟ್ಟು ವೆಚ್ಚ ರೂ. 10,07,870, ಅಂದರೆ ಕಿಲೋಗೆ ಸುಮಾರು ರೂ. 339. ನಷ್ಟ ರೂ. 1,16,870.

ಎರಡನೆಯ ಕೊಳದಲ್ಲಿ ಒಟ್ಟು ಖರ್ಚು ಮೊದಲನೆಯದಕ್ಕಿಂತ ಕಡಿಮೆಯೇ ಇದೆ. ಆದರೂ ನಷ್ಟ ಸಂಭವಿಸಿದೆ. ಮರಿಯ ಪರೀಕ್ಷೆ, ಕೊಳದ ಸಿದ್ಧತೆ ಇತ್ಯಾದಿಗಳಲ್ಲಿ ಕೆಲವು ಸಾವಿರ ರೂಪಾಯಿ ಉಳಿಸುವುದು ಮಿತವ್ಯಯವಲ್ಲ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಕಾಣುವ ರೋಗ, ಕಾಣದ ರೋಗ

ಬಿಳಿ ಚುಕ್ಕೆ ರೋಗ ತಗಲಿದ ಕೊಳದಲ್ಲಿ ಕೆಲವೇ ದಿನಗಳಲ್ಲಿ ಸಾಮೂಹಿಕ ಸಾವು ಉಂಟಾಗುತ್ತದೆ. ನಷ್ಟವು ಕಣ್ಣಿಗೆ ಕಾಣುತ್ತದೆ. ಇಎಚ್‌ಪಿ ಎಂಬ ಸೂಕ್ಷ್ಮ ಪರಾವಲಂಬಿಯ ಸ್ವರೂಪವೇ ಬೇರೆ. ಇದು ಸಿಗಡಿಯ ಜೀರ್ಣಗ್ರಂಥಿಯನ್ನು ಸೇರಿ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಸಾಮಾನ್ಯವಾಗಿ ಸಿಗಡಿ ಒಮ್ಮೆಲೇ ಸಾಯುವುದಿಲ್ಲ. ಆಹಾರ ತಿನ್ನುತ್ತಲೇ ಇರುತ್ತದೆ, ಆದರೆ ತೂಕ ಏರುವುದಿಲ್ಲ, ಗಾತ್ರದಲ್ಲಿ ಏರುಪೇರು ಉಂಟಾಗುತ್ತದೆ. ವಾರಕ್ಕೊಮ್ಮೆ ಬಲೆ ಬೀಸಿ ಸರಾಸರಿ ತೂಕ ದಾಖಲಿಸುವ ಅಭ್ಯಾಸವಿಲ್ಲದ ಕಡೆ ಈ ನಷ್ಟವು ತಿಳಿಯುವುದು ಕೊಯ್ಲಿನ ದಿನ ಮಾತ್ರ.

ವೈರಾಣು ರೋಗಗಳಿಗೆ ಪ್ರತಿಜೈವಿಕ ಔಷಧಗಳಿಂದ ಪ್ರಯೋಜನವಿಲ್ಲ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಮುಂತಾದವುಗಳ ಬಳಕೆ ಜಲಕೃಷಿಯಲ್ಲಿ ನಿಷಿದ್ಧವಾಗಿದ್ದು, ಅವುಗಳ ಅಲ್ಪ ಶೇಷವೂ ರಫ್ತು ಸರಕು ತಿರಸ್ಕೃತವಾಗಲು ಸಾಕು. ಒಂದು ಕೊಳದ ತಪ್ಪಿಗೆ ಸಂಸ್ಕರಣಾ ಘಟಕ ಹಾಗೂ ರಫ್ತುದಾರರು ಬೆಲೆ ತೆರಬೇಕಾಗುತ್ತದೆ.

ವಹಿಸಬೇಕಾದ ಮುನ್ನೆಚ್ಚರಿಕೆಗಳು

1. ಕೊಯ್ಲಿನ ನಂತರ ಕೊಳವನ್ನು ಪೂರ್ಣವಾಗಿ ಒಣಗಿಸಿ, ತಳದ ಕಪ್ಪು ಕೆಸರನ್ನು ತೆಗೆಯಬೇಕು. ಇಎಚ್‌ಪಿ ಬಾಧಿತ ಕೊಳದ ಮಣ್ಣನ್ನು ಉತ್ತು, ಪಿಎಚ್ 12ರ ಮಟ್ಟಕ್ಕೆ ಏರುವಷ್ಟು ಸುಟ್ಟ ಸುಣ್ಣ ಬೆರೆಸಬೇಕು.

2. ನೋಂದಾಯಿತ ಮರಿ ಉತ್ಪಾದನಾ ಕೇಂದ್ರದಿಂದ, ಪಿಸಿಆರ್ ಪರೀಕ್ಷೆಯಲ್ಲಿ ರೋಗಮುಕ್ತವೆಂದು ಕಂಡುಬಂದ ಮರಿಗಳನ್ನು ಮಾತ್ರ ಖರೀದಿಸಬೇಕು.

3. ಕೊಳಕ್ಕೆ ಬಿಡುವ ನೀರನ್ನು ಮೊದಲು ಸಂಗ್ರಹ ಕೊಳದಲ್ಲಿ ಕ್ಲೋರಿನ್‌ನಿಂದ ಶುದ್ಧೀಕರಿಸಬೇಕು. ಏಡಿ ತಡೆಯುವ ಬೇಲಿ, ಹಕ್ಕಿ ತಡೆಯುವ ಬಲೆ ಇರಬೇಕು.

4. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿಯಬಾರದು. ಸೂರ್ಯೋದಯಕ್ಕೆ ಮುಂಚೆ ಅದು ಕನಿಷ್ಠವಾಗಿರುವುದರಿಂದ ರಾತ್ರಿ ಏರೇಟರ್ ನಿಲ್ಲಿಸಿ ವಿದ್ಯುತ್ ಉಳಿಸುವುದು ಅಪಾಯಕರ.

5. ಚೆಕ್ ಟ್ರೇಯಲ್ಲಿ ಉಳಿದ ಆಹಾರವನ್ನು ನೋಡಿ ಮುಂದಿನ ಪ್ರಮಾಣ ನಿರ್ಧರಿಸಬೇಕು. ತಿನ್ನದೆ ಉಳಿದ ಆಹಾರವು ತಳದಲ್ಲಿ ಕೊಳೆತು ರೋಗಾಣುಗಳಿಗೆ ಪೋಷಣೆಯಾಗುತ್ತದೆ.

6. ರೋಗ ಬಂದ ಕೊಳದ ನೀರನ್ನು ಕ್ಲೋರಿನ್‌ನಿಂದ ಸಂಸ್ಕರಿಸದೆ ಕಾಲುವೆಗೆ ಬಿಡಬಾರದು. ಒಬ್ಬರು ಹೊರಬಿಟ್ಟ ನೀರು ನೆರೆಯವರ ಕೊಳಕ್ಕೆ ಒಳಹರಿವಾಗುತ್ತದೆ.

ಈ ಕೊನೆಯ ಅಂಶದಿಂದಾಗಿಯೇ ಗುಂಪಾಗಿ ಕೃಷಿ ಕೈಗೊಳ್ಳುವುದು ಅಗತ್ಯವಾಗುತ್ತದೆ. ಒಂದೇ ಕಾಲುವೆಯನ್ನು ಅವಲಂಬಿಸಿದವರು ಏಕಕಾಲಕ್ಕೆ ಮರಿ ಬಿಡುವುದು, ಒಟ್ಟಾಗಿ ಪರೀಕ್ಷೆ ಮಾಡಿಸುವುದು, ರೋಗದ ಸುದ್ದಿಯನ್ನು ಮುಚ್ಚಿಡದೆ ತಿಳಿಸುವುದು ಎಲ್ಲರ ಹಿತಕ್ಕೂ ಒಳ್ಳೆಯದು. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು 2007ರಲ್ಲಿ ಸ್ಥಾಪಿಸಿದ ಸುಸ್ಥಿರ ಜಲಕೃಷಿಯ ರಾಷ್ಟ್ರೀಯ ಕೇಂದ್ರವು ಸಣ್ಣ ಬೆಳೆಗಾರರ ಇಂತಹ ಸಂಘಗಳನ್ನು ರೂಪಿಸುವ ಕಾರ್ಯದಲ್ಲಿ ತೊಡಗಿದೆ.

ದಾಖಲೆಯ ಮಹತ್ವ

ಪ್ರತಿ ಕೊಳಕ್ಕೂ ಪ್ರತ್ಯೇಕ ಪುಸ್ತಕವಿಟ್ಟು ಮರಿಯ ಮೂಲ ಮತ್ತು ಸಂಖ್ಯೆ, ದಿನದ ಆಹಾರ, ನೀರಿನ ಗುಣ, ವಾರದ ತೂಕ, ಸಾವಿನ ಸಂಖ್ಯೆ ಹಾಗೂ ಖರ್ಚನ್ನು ಬರೆದಿಡುವುದು ಅತ್ಯವಶ್ಯ. ಇಡೀ ಫಾರಂಗೆ ಒಂದೇ ಲೆಕ್ಕವಿಟ್ಟರೆ ಒಳ್ಳೆಯ ಕೊಳದ ಲಾಭವು ಕೆಟ್ಟ ಕೊಳದ ನಷ್ಟವನ್ನು ಮರೆಮಾಚುತ್ತದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ಮತ್ಸ್ಯ ಕಿಸಾನ್ ಸಮೃದ್ಧಿ ಸಹ-ಯೋಜನೆಯು ಜಲಕೃಷಿ ವಿಮೆಗೆ ಪ್ರೋತ್ಸಾಹಧನವನ್ನು ಒಳಗೊಂಡಿದೆ. ವಿಮೆಯ ಪರಿಹಾರ ಕೋರುವಾಗಲೂ, ಬ್ಯಾಂಕ್ ಸಾಲ ಪಡೆಯುವಾಗಲೂ, ರಫ್ತುದಾರರು ಸರಕಿನ ಮೂಲವನ್ನು ವಿಚಾರಿಸಿದಾಗಲೂ ಇದೇ ಪುಸ್ತಕ ಆಧಾರವಾಗುತ್ತದೆ. ಹೆಚ್ಚು ಮರಿ ಬಿಟ್ಟು ಅದೃಷ್ಟವನ್ನು ನಂಬುವುದಕ್ಕಿಂತ, ಕೊಳವು ತಾಳುವಷ್ಟೇ ಮರಿ ಬಿಟ್ಟು ಅವನ್ನು ಉಳಿಸಿಕೊಳ್ಳುವುದೇ ಸಿಗಡಿ ಕೃಷಿಯಲ್ಲಿ ಭದ್ರವಾದ ಬಂಡವಾಳ ಹೂಡಿಕೆ.