ತೊಳೆದ ತೊಟ್ಟಿಯಲ್ಲಿ ಮೀನು ಸಾಯುವುದೇಕೆ?

ಮಕ್ಕಳು ಹಠ ಮಾಡಿ ತರಿಸಿಕೊಂಡ ಬಣ್ಣದ ಮೀನಿನ ಗಾಜಿನ ತೊಟ್ಟಿ ಈಗ ನಮ್ಮ ರೈತರ ಮನೆಗಳ ಜಗಲಿಗೂ ಬಂದಿದೆ. ತೊಟ್ಟಿ ಕೊಳೆಯಾಯಿತೆಂದು ಒಂದು ಭಾನುವಾರ ಎಲ್ಲರೂ ಸೇರಿ ನೀರನ್ನು ಪೂರ್ತಿ ಚೆಲ್ಲುತ್ತೇವೆ. ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದು ಹೊಸ ನೀರು ತುಂಬುತ್ತೇವೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಿಡುತ್ತವೆ, ಕಿವಿರು ಕೆಂಪೇರುತ್ತದೆ, ವಾರದೊಳಗೆ ಒಂದೊಂದಾಗಿ ಸಾಯುತ್ತವೆ. ಇಷ್ಟು ಶುಚಿ ಮಾಡಿದರೂ ಹೀಗೇಕಾಯಿತು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ.

ಇದಕ್ಕೆ ಕಾರಣ ಕೊಳೆಯಲ್ಲ, ಕಣ್ಣಿಗೆ ಕಾಣದ ಅಮೋನಿಯ. ಮೀನು ತನ್ನ ಕಿವಿರಿನ ಮೂಲಕ ಸದಾ ಅಮೋನಿಯವನ್ನು ಹೊರಹಾಕುತ್ತದೆ. ಉಳಿದ ತಿಂಡಿ, ಹಿಕ್ಕೆ, ಸತ್ತ ಮೀನು ಕೊಳೆತಾಗಲೂ ಅದೇ ಹುಟ್ಟುತ್ತದೆ. ಹೊಗೆನಕಲ್ಲಿನಲ್ಲಿ ಕಾವೇರಿ ಬಂಡೆಗಳ ಮೇಲೆ ಬಿದ್ದು ಹೊಗೆಯಂತೆ ಏಳುವಾಗ ಗಾಳಿ ನೀರಿನೊಳಗೆ ಬೆರೆಯುತ್ತದೆ, ಹರಿವು ಹೊಲಸನ್ನು ಕೊಚ್ಚಿಕೊಂಡು ಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಆ ಹರಿವಿಲ್ಲ. ಅಲ್ಲಿ ಮೀನನ್ನು ಕಾಯುವುದು ಸ್ಪಂಜಿನಲ್ಲಿಯೂ ಕಲ್ಲುಗಳ ಮೇಲೂ ನೆಲೆಸಿರುವ ಸೂಕ್ಷ್ಮಾಣುಗಳು.

ರೈತರಾದ ನಮಗೆ ಈ ಸೂಕ್ಷ್ಮಾಣುಗಳು ಹೊಸಬರಲ್ಲ. ಹೊಲಕ್ಕೆ ಹಾಕಿದ ಯೂರಿಯ ಮಣ್ಣಿನಲ್ಲಿ ಅಮೋನಿಯವಾಗಿ, ಬಳಿಕ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ಬೇರಿಗೆ ದಕ್ಕುವುದು ಇವುಗಳಿಂದಲೇ. ತೊಟ್ಟಿಯಲ್ಲೂ ಇದೇ ಕೆಲಸ ನಡೆಯುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟಿನಿಂದ ಅಪಾಯ ಬಹಳ ಕಡಿಮೆ. ಆದರೆ ಈ ಸೂಕ್ಷ್ಮಾಣುಗಳು ನಿಧಾನವಾಗಿ ಹೆಚ್ಚುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆದ ದಿನ ನಾವು ಈ ಆಳುಗಳನ್ನೇ ಚರಂಡಿಗೆ ಚೆಲ್ಲಿರುತ್ತೇವೆ.

ನಲ್ಲಿ ನೀರಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅನೇಕ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಹಲ್ಲು ಕಂದಾಗುವುದು, ಮೂಳೆ ಬಾಗುವುದು ಕಂಡುಬರುತ್ತಿತ್ತು. ಅದಕ್ಕಾಗಿಯೇ ಜಪಾನಿನ ಸಾಲದ ನೆರವಿನಿಂದ ಹೊಗೆನಕಲ್ ಕುಡಿಯುವ ನೀರಿನ ಯೋಜನೆ ಕೈಗೂಡಿ, 2013ರಲ್ಲಿ ಕಾವೇರಿ ನೀರು ಕೊಳವೆಯಲ್ಲಿ ಹರಿಯಲಾರಂಭಿಸಿತು. ಕುಡಿಯುವ ನೀರಿಗೆ ರೋಗಾಣು ಕೊಲ್ಲಲು ಕ್ಲೋರಿನ್ ಬೆರೆಸುತ್ತಾರೆ. ಅದು ನಮ್ಮ ಆರೋಗ್ಯಕ್ಕೆ ಒಳ್ಳೆಯದು. ಆದರೆ ಅದೇ ಕ್ಲೋರಿನ್ ತೊಟ್ಟಿಯ ಉಪಕಾರಿ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ, ಮೀನಿನ ಕಿವಿರನ್ನೂ ಸುಡುತ್ತದೆ.

ಮೀನುಗಳು ಇದ್ದಕ್ಕಿದ್ದಂತೆ ಬಾಯಿ ಬಿಡತೊಡಗಿದರೆ ಹೀಗೆ ಮಾಡಿರಿ:

1. ತಿಂಡಿಯನ್ನು ಎರಡು ದಿನ ನಿಲ್ಲಿಸಿರಿ. ಆರೋಗ್ಯವಾಗಿ ಬೆಳೆದ ಮೀನು ಇಷ್ಟಕ್ಕೆ ಹಸಿವಿನಿಂದ ಸಾಯುವುದಿಲ್ಲ.

2. ಕಲ್ಲಿನ ಸಂದಿಯಲ್ಲಿ ಸತ್ತ ಮೀನು ಇದೆಯೇ ಎಂದು ನೋಡಿ ತೆಗೆಯಿರಿ. ನೀರು ತುಂಬಿದ ರಬ್ಬರ್ ಕೊಳವೆಯಿಂದ ತಳದ ಕಸವನ್ನು ಹೊರಕ್ಕೆ ಹರಿಸಿರಿ.

3. ನೀರಿನಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದಷ್ಟನ್ನು ಮಾತ್ರ ಬದಲಿಸಿರಿ. ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಬೇಕು. ನಲ್ಲಿ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅಷ್ಟು ಸಮಯವಿಲ್ಲದಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಹಾಕಿರಿ. ಮೀನುಗಳು ಸುಧಾರಿಸುವವರೆಗೆ ದಿನಕ್ಕೊಮ್ಮೆ ಹೀಗೆ ಬದಲಿಸಿರಿ.

4. ಗಾಳಿ ಪಂಪು ಓಡುತ್ತಿರಲಿ. ಕರೆಂಟು ಹೋದರೆ ಚೊಂಬಿನಲ್ಲಿ ತೊಟ್ಟಿಯ ನೀರನ್ನು ಮೊಗೆದು ಮೇಲಿನಿಂದ ಮತ್ತೆ ಅದಕ್ಕೇ ಸುರಿಯಿರಿ. ಜಲಪಾತ ಮಾಡುವುದೂ ಇದನ್ನೇ. ಕರೆಂಟು ಬಹಳ ಹೊತ್ತು ಇಲ್ಲದಿದ್ದರೆ ಡಬ್ಬಿಯಂತೆ ಮುಚ್ಚಿದ ಫಿಲ್ಟರಿನೊಳಗೆ ನಿಂತ ನೀರು ಕೆಟ್ಟಿರುತ್ತದೆ. ಅದನ್ನು ಚೆಲ್ಲಿದ ಮೇಲೆಯೇ ಚಾಲೂ ಮಾಡಿರಿ.

5. ನೆರೆಮನೆಯಲ್ಲಿ ಮೀನುಗಳು ಆರೋಗ್ಯವಾಗಿರುವ ಹಳೆಯ ತೊಟ್ಟಿಯಿದ್ದರೆ ಅದರ ಸ್ಪಂಜಿನ ಒಂದು ತುಂಡನ್ನು ಕೇಳಿ ತಂದು ನಿಮ್ಮ ಫಿಲ್ಟರಿನಲ್ಲಿ ಇಡಿರಿ. ಹಾಲಿಗೆ ಹೆಪ್ಪು ಹಾಕಿದಂತೆ ಇದು ಕೆಲಸ ಮಾಡುತ್ತದೆ.

ಸುಣ್ಣವನ್ನಾಗಲಿ ಅಡಿಗೆ ಸೋಡವನ್ನಾಗಲಿ ಹಾಕಲೇಕೂಡದು. ನೀರು ಕ್ಷಾರವಾದಷ್ಟೂ ಅಮೋನಿಯದ ವಿಷ ಏರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ರಸಸಾರ, ಅಂದರೆ ಪಿ.ಎಚ್., 7 ಇದ್ದರೆ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಅಮೋನಿಯ ವಿಷರೂಪದಲ್ಲಿರುತ್ತದೆ. 8 ಆದರೆ ಸುಮಾರು 5 ಪಾಲು, 9 ಆದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಸಿಮೆಂಟಿನ ಹೊಸ ತೊಟ್ಟಿ ಸುಣ್ಣ ಬಿಡುವುದರಿಂದ, ಅದರಲ್ಲಿ ಹಲವು ಸಲ ನೀರು ತುಂಬಿ ಚೆಲ್ಲಿ ಹದ ಮಾಡಿದ ಮೇಲೆಯೇ ಮೀನು ಬಿಡಬೇಕು.

ಅಮೋನಿಯ ಇಳಿದ ಮೇಲೆ ಕೆಲವು ದಿನ ನೈಟ್ರೈಟ್ ಏರಬಹುದು. ಅದು ಮೀನಿನ ರಕ್ತವನ್ನು ಕಂದಾಗಿಸಿ ಉಸಿರು ಕಟ್ಟಿಸುತ್ತದೆ. ಗೋಲ್ಡ್‌ಫಿಷ್, ಗಪ್ಪಿಯಂಥ ಮೀನುಗಳಿದ್ದರೆ ಲೀಟರಿಗೆ 1 ಗ್ರಾಂ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಿದರೆ ಈ ಅಪಾಯ ತಗ್ಗುತ್ತದೆ.

ಮುಂದೆ ಹೀಗಾಗದಂತೆ ನಾಲ್ಕು ಮಾತುಗಳನ್ನು ನೆನಪಿಡಿರಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿಂಡಿ ಹಾಕಿರಿ. ಒಂದೇ ಸಲಕ್ಕೆ ಹೆಚ್ಚು ಮೀನು ತರಬೇಡಿರಿ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರು ಬದಲಿಸಿರಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಮೆಲ್ಲಗೆ ಹಿಂಡಿರಿ. ಸಾಕಲಾಗದಿದ್ದರೂ ತೊಟ್ಟಿಯ ಮೀನನ್ನು ಹೊಳೆಗೆ ಬಿಡಕೂಡದು. ಹೊರಗಿನ ಮೀನು ಮತ್ತು ಅದರ ರೋಗ ಎರಡೂ ಕಾವೇರಿಯ ಮೀನುಗಳಿಗೆ ಕೇಡು.

ಇನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿಗೆ ಉಪ್ಪು ಹಾಕಿಲ್ಲವಾದರೆ ಅದನ್ನು ಚರಂಡಿಗೆ ಚೆಲ್ಲಬೇಡಿರಿ. ಹಿತ್ತಲಿನ ಬಾಳೆಗೋ ಕರಿಬೇವಿಗೋ ಹಾಕಿರಿ. ಮೀನಿಗೆ ಬೇಡವಾದದ್ದೇ ಗಿಡಕ್ಕೆ ಗೊಬ್ಬರ.