ಮನೆಯ ಬೆಲೆ ಕುದುರುವ ಬಗೆ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. 1739ನೆಯ ಇಸವಿಯ ಫೆಬ್ರವರಿ 15ರಂದು ಅವರು ಇಲ್ಲಿ ಜನಿಸಿದರೆಂದು ನಂಬುವ ಬಂಜಾರ ಸಮುದಾಯದವರು ಪ್ರತಿವರ್ಷವೂ ಆ ಸಮಯದಲ್ಲಿ ಇಲ್ಲಿ ನೆರೆದು ಜಯಂತಿಯನ್ನು ಆಚರಿಸುತ್ತಾರೆ. ಲಂಬಾಣಿಗಳೆಂದೂ ಕರೆಯಲ್ಪಡುವ ಈ ಜನರ ಪೂರ್ವಿಕರು ಎತ್ತುಗಳ ಬೆನ್ನ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ಸೀಮೆಯಿಂದ ಸೀಮೆಗೆ ಸಾಗಿಸುತ್ತಿದ್ದ ವರ್ತಕರು. 1791-92ರ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿಗೆ ಧಾನ್ಯವನ್ನು ಒದಗಿಸಿದವರಲ್ಲಿ ಇವರೂ ಇದ್ದರು.

ಎತ್ತಿನ ಮೇಲೆ ಸರಕು ಹೇರಿದ ಆ ವರ್ತಕನಿಗೆ ಒಂದು ದೊಡ್ಡ ಅನುಕೂಲವಿದ್ದಿತು. ಒಂದು ಸಂತೆಯಲ್ಲಿ ಬೆಲೆ ಹಿಡಿಸದಿದ್ದರೆ ಅವನು ಎತ್ತುಗಳನ್ನು ಹೊಡೆದುಕೊಂಡು ಮುಂದಿನ ಸಂತೆಗೆ ಹೋಗಬಹುದಾಗಿತ್ತು. ಈಗ ಅದೇ ಊರಿನಲ್ಲಿ ಒಂದು ಕುಟುಂಬವು ತನ್ನ ಮನೆಯನ್ನು ಮಾರಲು ಬಯಸಿದೆಯೆಂದು ಭಾವಿಸೋಣ. ಮಗಳ ಓದಿಗೋ, ಆಸ್ಪತ್ರೆಯ ಖರ್ಚಿಗೋ, ಬೇರೆ ಊರಿನಲ್ಲಿ ನೆಲಸುವುದಕ್ಕೋ ಹಣ ಬೇಕಾಗಿದೆ. ಮನೆಯನ್ನು ಎತ್ತಿನ ಮೇಲೆ ಹೇರುವಂತಿಲ್ಲ. ಕೊಳ್ಳುವವನೇ ಅದರ ಬಾಗಿಲಿಗೆ ಬರಬೇಕು. ಹಲವು ಕುಟುಂಬಗಳು ಮನೆ ಮಾರುವುದು ಜೀವಮಾನದಲ್ಲಿ ಒಮ್ಮೆ ಮಾತ್ರ. ಎದುರು ಕುಳಿತವನಾದರೋ ಹತ್ತಾರು ಮನೆಗಳನ್ನು ನೋಡಿ ಬಂದವನಾಗಿರಬಹುದು. ಇಪ್ಪತ್ತು ವರ್ಷಗಳ ಉಳಿತಾಯದ ಒಂದು ಭಾಗವು ಅರ್ಧ ಗಂಟೆಯ ಮಾತಿನಲ್ಲಿ ಉಳಿಯಲೂಬಹುದು, ಕಳೆಯಲೂಬಹುದು. ಆದುದರಿಂದ ಈ ಮಾತುಕತೆಯ ಒಳಗೆ ಏನು ನಡೆಯುತ್ತದೆಂಬುದನ್ನು ಅರಿಯುವುದು ವಿದ್ಯಾರ್ಥಿಗಳಿಗೂ ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಎರಡು ಗಡಿಗಳು

ನಮ್ಮ ದನಗಳ ಜಾತ್ರೆಗಳಲ್ಲಿ ಒಂದು ಹಳೆಯ ಪದ್ಧತಿಯುಂಟು. ಮಾರುವವನೂ ಕೊಳ್ಳುವವನೂ, ಇಲ್ಲವೆ ಅವರ ನಡುವಿನ ದಲ್ಲಾಳಿಯೂ, ಒಂದು ವಸ್ತ್ರದ ಮರೆಯಲ್ಲಿ ಕೈ ಹಿಡಿದು, ಬೆರಳುಗಳನ್ನು ಒತ್ತಿ ಬೆಲೆಯನ್ನು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಅಂಕೆ ತಿಳಿಯುವುದಿಲ್ಲ. ಆದರೆ ಆ ಬೆರಳುಗಳೂ ತಿಳಿಸದ ಎರಡು ಅಂಕೆಗಳಿವೆ. ಇದಕ್ಕಿಂತ ಕಡಿಮೆಗೆ ಕೊಡಲಾರೆನೆಂಬ ಮಾರುವವನ ಮನಸ್ಸಿನ ಕೆಳಗಡಿ ಒಂದು. ಇದಕ್ಕಿಂತ ಹೆಚ್ಚು ಕೊಡಲಾರೆನೆಂಬ ಕೊಳ್ಳುವವನ ಮೇಲ್ಗಡಿ ಇನ್ನೊಂದು. ವ್ಯಾಪಾರವೆಲ್ಲವೂ ಈ ಎರಡರ ನಡುವೆಯೇ ನಡೆಯುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಾರುವವನ ಕೆಳಗಡಿ 18 ಲಕ್ಷ ರೂಪಾಯಿ. ಕೊಳ್ಳುವವನ ಮೇಲ್ಗಡಿ 21 ಲಕ್ಷ. 18ಕ್ಕೂ 21ಕ್ಕೂ ನಡುವೆ ಯಾವ ಬೆಲೆಯಾದರೂ ಇಬ್ಬರಿಗೂ ಲಾಭವೇ. ಆ ಮೂರು ಲಕ್ಷವನ್ನು ಇಬ್ಬರೂ ಹೇಗೆ ಹಂಚಿಕೊಳ್ಳುವರೆಂಬುದೇ ಚೌಕಾಶಿಯ ತಿರುಳು. ಗಡಿಗಳು ತಿರುಗುಮುರುಗಾಗಿ, ಮಾರುವವನು 21 ಲಕ್ಷಕ್ಕೆ ಕಡಿಮೆ ಕೊಡೆನೆಂದೂ, ಕೊಳ್ಳುವವನು 18ಕ್ಕೆ ಮೀರಲಾರೆನೆಂದೂ ಇದ್ದರೆ ಎಷ್ಟು ಜಾಣತನದಿಂದ ಮಾತನಾಡಿದರೂ ವ್ಯಾಪಾರ ಕುದುರದು.

ಅಮೆರಿಕದ ಗಣಿತಜ್ಞ ಜಾನ್ ನ್ಯಾಷ್ 1950ರಲ್ಲಿ ಈ ಹಂಚಿಕೆಯ ಪ್ರಶ್ನೆಯನ್ನು ಗಣಿತದ ಭಾಷೆಯಲ್ಲಿ ಬಿಡಿಸಿದನು. ವ್ಯಾಪಾರವು ಮುರಿದುಬಿದ್ದರೆ ಪ್ರತಿಯೊಬ್ಬನ ಸ್ಥಿತಿ ಏನಾಗುವುದೋ ಅದನ್ನು ಮೊದಲು ಗುರುತಿಸಬೇಕು. ಅನಂತರ ಇಬ್ಬರ ಲಾಭಗಳ ಗುಣಲಬ್ಧವು ಎಲ್ಲಿ ಅತಿ ಹೆಚ್ಚಾಗುವುದೋ ಆ ಬೆಲೆಯನ್ನು ಆರಿಸಬೇಕು. ನಮ್ಮ ಉದಾಹರಣೆಯಲ್ಲಿ 19 ಲಕ್ಷಕ್ಕೆ ಮಾರಿದರೆ ಲಾಭಗಳು 1 ಮತ್ತು 2, ಗುಣಲಬ್ಧ 2. 20 ಲಕ್ಷಕ್ಕೆ ಮಾರಿದರೂ ಗುಣಲಬ್ಧ 2. 19.5 ಲಕ್ಷಕ್ಕೆ ಮಾರಿದರೆ ಲಾಭಗಳು ಒಂದೂವರೆ ಮತ್ತು ಒಂದೂವರೆ, ಗುಣಲಬ್ಧ 2.25. ಇದೇ ಅತಿ ಹೆಚ್ಚಿನದು.

ಈಗ 19 ಲಕ್ಷ ಕೊಡಲು ಸಿದ್ಧನಿರುವ ಇನ್ನೊಬ್ಬನು ದೊರೆತನೆನ್ನಿ. ಮಾರುವವನ ಕೆಳಗಡಿಯು 18ರಿಂದ 19ಕ್ಕೆ ಏರುತ್ತದೆ. ನ್ಯಾಷನ ಲೆಕ್ಕದ ಬೆಲೆಯೂ 19.5ರಿಂದ 20 ಲಕ್ಷಕ್ಕೆ ಏರುತ್ತದೆ. ಮಾರುವವನು ಮೊದಲಿನವನೊಡನೆ ಒಂದು ಮಾತನ್ನೂ ಹೆಚ್ಚಾಗಿ ಆಡಿಲ್ಲ. ಆದರೂ ಅರ್ಧ ಲಕ್ಷ ಲಭಿಸಿತು. ಚೌಕಾಶಿಯಲ್ಲಿ ಬಲವು ನಾಲಗೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಬೇಡವೆಂದು ಎದ್ದುಹೋದರೆ ನಮಗೆ ಉಳಿಯುವ ದಾರಿಯಲ್ಲಿ ಇದೆ. ಬಂಜಾರ ವರ್ತಕನಿಗೆ ಆ ದಾರಿಯು ಮುಂದಿನ ಸಂತೆ. ಮನೆ ಮಾರುವವನಿಗೆ ಅದು ಎರಡನೆಯ ಗಿರಾಕಿ. ಆದುದರಿಂದ ಮೊದಲು ಬಂದವನೊಡನೆಯೇ ಮಾತು ಮುಗಿಸದೆ, ಸುದ್ದಿಯನ್ನು ನ್ಯಾಮತಿ, ಹೊನ್ನಾಳಿ, ಶಿವಮೊಗ್ಗಗಳವರೆಗೂ ಮುಟ್ಟಿಸುವುದು ಮಾತುಗಾರಿಕೆಗಿಂತ ಹೆಚ್ಚು ಫಲ ಕೊಡುತ್ತದೆ.

ಮೊದಲ ಅಂಕೆಯ ಸೆಳೆತ

ಮೇಲಿನ ಲೆಕ್ಕವು ಇಬ್ಬರೂ ತಮ್ಮ ಗಡಿಗಳನ್ನು ಸರಿಯಾಗಿ ಬಲ್ಲರೆಂದು ಊಹಿಸಿತು. ವಾಸ್ತವದಲ್ಲಿ ನಮ್ಮ ಮನಸ್ಸು ಅಷ್ಟು ಸ್ಥಿರವಲ್ಲ. ಟ್ವರ್ಸ್ಕಿ ಮತ್ತು ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇದನ್ನು ತೋರಿಸಿತು. 10 ಅಥವಾ 65ರಲ್ಲಿ ಮಾತ್ರ ನಿಲ್ಲುವಂತೆ ಮಾಡಿದ್ದ ಒಂದು ಚಕ್ರವನ್ನು ಜನರ ಮುಂದೆ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡ ಎಷ್ಟಿವೆಯೆಂದು ಅವರು ಕೇಳಿದರು. 10 ನೋಡಿದವರ ಊಹೆಯ ಮಧ್ಯಮ ಬೆಲೆ ಶೇಕಡ 25. 65 ನೋಡಿದವರದು 45. ಪ್ರಶ್ನೆಗೆ ಸಂಬಂಧವೇ ಇಲ್ಲದ ಅಂಕೆಯು ಉತ್ತರವನ್ನು ತನ್ನ ಕಡೆಗೆ ಎಳೆದಿತ್ತು. ಇದನ್ನು ಹಡಗಿನ ಲಂಗರಿಗೆ ಹೋಲಿಸುತ್ತಾರೆ. ಹಡಗು ಸ್ವಲ್ಪ ಅತ್ತಿತ್ತ ಚಲಿಸಿದರೂ ಲಂಗರಿನಿಂದ ದೂರ ಹೋಗದು.

ಮನೆಯ ವಿಷಯದಲ್ಲಿಯೇ ಈ ಪರೀಕ್ಷೆ ನಡೆದಿದೆ. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಸಂಶೋಧಕರು ಅಮೆರಿಕದ ಅರಿಜೋನ ಪ್ರಾಂತದಲ್ಲಿ ವಿದ್ಯಾರ್ಥಿಗಳಿಗೂ ಅನುಭವಿ ಮನೆ ದಲ್ಲಾಳಿಗಳಿಗೂ ಒಂದೇ ಮನೆಯನ್ನು ತೋರಿಸಿ, ಮಾರುವವನು ಹೇಳಿದ ಬೆಲೆಯೆಂದು ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಅಂಕೆಯನ್ನು ಕೊಟ್ಟರು. ಹೆಚ್ಚಿನ ಅಂಕೆಯನ್ನು ಕಂಡವರು ಮನೆಗೆ ಹೆಚ್ಚು ಬೆಲೆ ಕಟ್ಟಿದರು. ದಲ್ಲಾಳಿಗಳೂ ಇದಕ್ಕೆ ಹೊರತಾಗಲಿಲ್ಲ. ಆದರೆ ಹೇಳಿದ ಬೆಲೆಯನ್ನು ಗಮನಿಸಿದೆವೆಂದು ಒಪ್ಪಿಕೊಂಡವರು ಅವರಲ್ಲಿ ಕೆಲವರೇ.

ಇದರಿಂದ ಎರಡು ಪಾಠಗಳಿವೆ. ಆಧಾರವಿರುವ ಬೆಲೆಯನ್ನು ನಾವೇ ಮೊದಲು ಹೇಳುವುದು ಮಾರುವವನಿಗೆ ಅನುಕೂಲ. ಆಧಾರವೆಂದರೆ, ಅದೇ ಬೀದಿಯಲ್ಲಿ ಇತ್ತೀಚೆಗೆ ನೋಂದಣಿಯಾದ ಮನೆಗಳ ಬೆಲೆ, ನಿವೇಶನದ ಅಳತೆ, ಕಟ್ಟಡದ ವಯಸ್ಸು, ನೀರಿನ ಅನುಕೂಲ. ಆಧಾರವಿಲ್ಲದ ಭಾರಿ ಬೆಲೆಯು ಗಿರಾಕಿಯನ್ನು ಬಾಗಿಲಿನಿಂದಲೇ ಹಿಂದಿರುಗಿಸುತ್ತದೆ. ಇನ್ನು, ಎದುರಿನವನು ಮೊದಲು ಅಂಕೆ ಹೇಳಿದರೆ ಅದರ ಸುತ್ತಲೇ ಸುತ್ತಬಾರದು. ಉದಾಹರಣೆಗೆ, ಸರ್ಕಾರದ ಮಾರ್ಗಸೂಚಿ ಮೌಲ್ಯವನ್ನೇ ನ್ಯಾಯವಾದ ಬೆಲೆಯೆಂದು ಕೆಲವರು ಮುಂದಿಡುತ್ತಾರೆ. ಅದು ಮುದ್ರಾಂಕ ಶುಲ್ಕವನ್ನು ನಿರ್ಧರಿಸಲು ಸರ್ಕಾರವು ಗೊತ್ತುಪಡಿಸಿದ ಕನಿಷ್ಠ ಮೌಲ್ಯವೇ ಹೊರತು ಪೇಟೆಯ ಬೆಲೆಯಲ್ಲ.

ನಮ್ಮದೆಂಬ ಭಾವ

ಕೊಳ್ಳುವವನು ಕಡಿಮೆ ಕೇಳಿದಾಗ ಮಾರುವವನಿಗೆ ಸಿಟ್ಟು ಬರುವುದುಂಟು. ಇದಕ್ಕೂ ಒಂದು ಕಾರಣವಿದೆ. ಕಾನೆಮನ್, ನೆಚ್ ಮತ್ತು ಥೇಲರ್ ಎಂಬವರು 1990ರಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ, ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಒಂದೊಂದು ಕಾಫಿ ಬಟ್ಟಲನ್ನು ಕೊಟ್ಟು, ಅದನ್ನು ಎಷ್ಟಕ್ಕೆ ಮಾರುವಿರೆಂದು ಕೇಳಿದರು. ಉಳಿದವರನ್ನು ಎಷ್ಟಕ್ಕೆ ಕೊಳ್ಳುವಿರೆಂದು ಕೇಳಿದರು. ಕೆಲವೇ ನಿಮಿಷಗಳ ಹಿಂದೆ ಕೈಗೆ ಬಂದಿದ್ದ ಬಟ್ಟಲಿಗೆ ಮಾರುವವರು ಕೇಳಿದ ಬೆಲೆಯು ಕೊಳ್ಳುವವರ ಬೆಲೆಯ ಸುಮಾರು ಎರಡರಷ್ಟಿತ್ತು. ವಿದ್ಯಾರ್ಥಿಗಳು ಪೆನ್ನು ಅಥವಾ ನೋಟುಪುಸ್ತಕವನ್ನು ಇಟ್ಟುಕೊಂಡು ತಮ್ಮ ತರಗತಿಯಲ್ಲಿಯೇ ಈ ಪ್ರಯೋಗವನ್ನು ಮಾಡಿ ನೋಡಬಹುದು.

ನಿಮಿಷಗಳ ಒಡೆತನವೇ ಹೀಗೆ ಮಾಡುವುದಾದರೆ, ಮಕ್ಕಳು ಹುಟ್ಟಿ ಬೆಳೆದ ಮನೆಯ ವಿಷಯದಲ್ಲಿ ಹೇಳಬೇಕೆ? ಅಂಗಳದ ತುಳಸಿಕಟ್ಟೆಯೂ, ಅಜ್ಜ ನೆಟ್ಟ ತೆಂಗೂ ನಮ್ಮ ಲೆಕ್ಕದಲ್ಲಿ ಸೇರುತ್ತವೆ. ಕೊಳ್ಳುವವನ ಲೆಕ್ಕದಲ್ಲಿ ಗೋಡೆಯ ಬಿರುಕು, ಬಣ್ಣದ ಖರ್ಚು, ಸಾಮಾನ್ಯವಾಗಿ ಅವನೇ ತೆರಬೇಕಾದ ಮುದ್ರಾಂಕ ಶುಲ್ಕ ಇವೇ ಮೊದಲು ಬರುತ್ತವೆ. ಅವನು ಕಡಿಮೆ ಕೇಳಿದರೆ ನಮ್ಮ ಬಾಳನ್ನು ಹಳಿದಂತಲ್ಲ. ಪಕ್ಕದ ಊರಿನಲ್ಲಿ ಇಂಥದೇ ಮನೆಯನ್ನು ಕೊಳ್ಳಬೇಕಾದರೆ ನಾವು ಎಷ್ಟು ಕೊಡುತ್ತಿದ್ದೆವೆಂದು ಪ್ರಶ್ನಿಸಿಕೊಂಡರೆ ನಮ್ಮ ಅಂಕೆಯು ನೆಲಕ್ಕಿಳಿಯುತ್ತದೆ.

ಕಾಯಬಲ್ಲವನ ಪಾಲು

1982ರಲ್ಲಿ ಏರಿಯಲ್ ರೂಬಿನ್‌ಸ್ಟೀನ್ ಎಂಬ ಅರ್ಥಶಾಸ್ತ್ರಜ್ಞನು, ಇಬ್ಬರು ಒಬ್ಬರಾದ ಮೇಲೆ ಒಬ್ಬರು ಬೆಲೆ ಹೇಳುತ್ತ ಹೋದರೆ ಏನಾಗುವುದೆಂದು ಲೆಕ್ಕ ಹಾಕಿದನು. ತಡವಾದಷ್ಟೂ ಯಾರಿಗೆ ಹೆಚ್ಚು ನಷ್ಟವೋ ಅವರಿಗೆ ದೊರೆಯುವ ಪಾಲು ಕಡಿಮೆಯಾಗುತ್ತದೆಂಬುದು ಅವನ ಫಲಿತಾಂಶ. ಬರುವ ತಿಂಗಳು ಕಾಲೇಜಿನ ಶುಲ್ಕ ಕಟ್ಟಬೇಕಾಗಿದೆಯೆಂದು ಗಿರಾಕಿಯ ಮುಂದೆ ಹೇಳಿಕೊಂಡವನು ತನ್ನ ಕೆಳಗಡಿಯನ್ನೇ ತೋರಿಸಿಕೊಟ್ಟಂತೆ. ಹಣ ಬೇಕಾಗುವುದಕ್ಕೆ ಕೆಲವು ತಿಂಗಳುಗಳ ಮುಂಚೆಯೇ ಮಾರಾಟದ ಪ್ರಯತ್ನ ಆರಂಭಿಸುವುದೂ, ಅವಸರದ ಸಂಗತಿಯನ್ನು ಮನೆಯೊಳಗೇ ಇಟ್ಟುಕೊಳ್ಳುವುದೂ ಇದಕ್ಕೆ ಪರಿಹಾರ.

ಮುಚ್ಚಿಡಬಹುದಾದುದು, ಮುಚ್ಚಿಡಬಾರದುದು

ಅವಸರವನ್ನೂ ಕೆಳಗಡಿಯನ್ನೂ ಹೇಳದಿರುವುದು ಮೋಸವಲ್ಲ. ಆದರೆ ಮನೆಯ ದೋಷವನ್ನು ಮುಚ್ಚಿಡುವ ಮಾತು ಬೇರೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದಂತೆ, ಮಾರುವವನಿಗೆ ತಿಳಿದಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ಮುಖ್ಯ ದೋಷವು ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದರೆ, ಅದನ್ನು ಮಾರುವವನು ಹೇಳಲೇಬೇಕು.

ಹೇಳುವುದರಿಂದ ಮಾರುವವನಿಗೂ ಲಾಭವುಂಟು. ಸರಕಿನ ಗುಣವು ಮಾರುವವನಿಗೆ ಮಾತ್ರ ತಿಳಿದಿರುವ ಪೇಟೆಯಲ್ಲಿ, ಕೊಳ್ಳುವವನು ಎಲ್ಲವನ್ನೂ ಸಂಶಯದಿಂದ ನೋಡಿ ಒಳ್ಳೆಯ ಸರಕಿಗೂ ಕಡಿಮೆ ಬೆಲೆ ಹೇಳುತ್ತಾನೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ವಿವರಿಸಿದನು. ಈ ಸಂಶಯವನ್ನು ಕಳೆಯುವ ಸಾಧನವೇ ದಾಖಲೆ. ಗ್ರಾಮ ಪಂಚಾಯತಿಯ ಇ-ಸ್ವತ್ತು ದಾಖಲೆ, ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರ, ಹಿಂದಿನ ಕ್ರಯಪತ್ರ, ಕಂದಾಯದ ರಸೀತಿ ಇವು ಮೇಜಿನ ಮೇಲಿದ್ದರೆ ಕೊಳ್ಳುವವನ ಮೇಲ್ಗಡಿಯೇ ಏರುತ್ತದೆ. ಬ್ಯಾಂಕಿನ ಸಾಲ ದೊರೆಯುವುದೂ ಸುಲಭವಾಗುತ್ತದೆ.

ದಾಖಲೆಯ ಬೆಲೆಯನ್ನು ತಾಂಡಾಗಳ ಜನರು ಚೆನ್ನಾಗಿ ಬಲ್ಲರು. ತಲೆಮಾರುಗಳಿಂದ ಮನೆ ಕಟ್ಟಿಕೊಂಡು ವಾಸಿಸಿದ್ದರೂ, ಕಂದಾಯದ ಲೆಕ್ಕದಲ್ಲಿ ಊರೇ ಇಲ್ಲದ ಕಾರಣ ಹಲವು ಕುಟುಂಬಗಳಿಗೆ ಹಕ್ಕಿನ ಕಾಗದವಿರಲಿಲ್ಲ. ಇಂಥ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿದ ತರುವಾಯ, 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರಗಳನ್ನು ವಿತರಿಸಲಾಯಿತು. ಗೋಡೆ, ಛಾವಣಿಗಳು ಮೊದಲಿನವೇ ಆಗಿದ್ದರೂ ಕಾಗದವು ಆ ಮನೆಯ ನೆಲೆಯನ್ನೇ ಬದಲಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಸರ್ಕಾರದಿಂದ ಮಂಜೂರಾದ ಸ್ವತ್ತಿನ ಕಾಗದದಲ್ಲಿ ಮಾರಾಟವನ್ನು ತಡೆಯುವ ಷರತ್ತು ಇರಬಹುದು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ಕರ್ನಾಟಕದ 1978ರ ಅಧಿನಿಯಮವು ನಿಷೇಧಿಸುತ್ತದೆ. ಆದುದರಿಂದ ಬೆಲೆಯ ಮಾತಿಗೆ ಮೊದಲು ಕಾಗದವನ್ನು ಓದಿಸಬೇಕು.

ಮಾತಿಗೆ ಕುಳಿತಾಗ

ಇಷ್ಟನ್ನು ತಿಳಿದ ಕುಟುಂಬವು ಗಿರಾಕಿ ಬರುವ ಮುನ್ನವೇ ಎರಡು ಅಂಕೆಗಳನ್ನು ಚೀಟಿಯಲ್ಲಿ ಬರೆದಿಡಬೇಕು: ಹೇಳುವ ಬೆಲೆ ಮತ್ತು ಕೆಳಗಡಿ. ಎರಡನೆಯದನ್ನು ಮಾತಿನ ಬಿಸಿಯಲ್ಲಿ ಬದಲಿಸಬಾರದು. ಬದಲಿಸಬೇಕಾದರೆ ಒಂದು ರಾತ್ರಿ ಕಳೆಯಲಿ. ಬೆಲೆ ಇಳಿಸುವಾಗ ಮೊದಲು ಐವತ್ತು ಸಾವಿರ, ಆಮೇಲೆ ಇಪ್ಪತ್ತು ಸಾವಿರ, ಆಮೇಲೆ ಹತ್ತು ಸಾವಿರ ಹೀಗೆ ಹೆಜ್ಜೆಯನ್ನು ಕಿರಿದು ಮಾಡುತ್ತ ಹೋದರೆ, ಗಡಿಯು ಸಮೀಪಿಸಿತೆಂದು ಎದುರಿನವನಿಗೆ ತಾನಾಗಿಯೇ ಅರಿವಾಗುತ್ತದೆ. ಒಂದೊಂದು ಇಳಿಕೆಗೂ ಪ್ರತಿಯಾಗಿ ಏನನ್ನಾದರೂ ಕೇಳಬೇಕು. ಹೆಚ್ಚಿನ ಮುಂಗಡ, ಬೇಗನೆ ನೋಂದಣಿ, ಪರೀಕ್ಷೆಗಳು ಮುಗಿಯುವವರೆಗೆ ಮನೆಯಲ್ಲಿರಲು ಅವಕಾಶ, ಇವೆಲ್ಲವೂ ಹಣಕ್ಕೆ ಸಮಾನವೇ. ಕೊಳ್ಳುವವನಿಗೆ ಅಗ್ಗವಾಗಿದ್ದು ನಮಗೆ ಅಮೂಲ್ಯವಾದುದನ್ನು ಕೇಳಿ ಪಡೆದರೆ ಇಬ್ಬರ ಲಾಭವೂ ಹೆಚ್ಚುತ್ತದೆ.

ಒಪ್ಪಿಗೆಯಾದ ಕೂಡಲೆ ಕರಾರುಪತ್ರ ಬರೆಯಿಸಬೇಕು. ಕರಾರು ಮಾತ್ರದಿಂದ ಒಡೆತನವು ಬದಲಾಗದು. 100 ರೂಪಾಯಿ ಅಥವಾ ಅದಕ್ಕೆ ಮೀರಿದ ಬೆಲೆಯ ಸ್ಥಿರಸ್ವತ್ತಿನ ಮಾರಾಟವು ನೋಂದಾಯಿತ ಕ್ರಯಪತ್ರದಿಂದಲೇ ಆಗತಕ್ಕದ್ದು. ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಡೆಯುವುದು ಕ್ಷೇಮ. ಸ್ಥಿರಸ್ವತ್ತಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೀರಿದ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2015ರಿಂದ ನಿಷೇಧಿಸಿದೆ.

ಸೂರಗೊಂಡನಕೊಪ್ಪದ ಆ ಮನೆಯನ್ನು ಎತ್ತಿನ ಮೇಲೆ ಹೇರಿ ಒಯ್ಯಲಾಗದು, ನಿಜ. ಆದರೆ ಎರಡನೆಯ ಗಿರಾಕಿ, ಮುಂಚಿತವಾದ ಸಿದ್ಧತೆ, ಕ್ರಮವಾದ ಕಾಗದಪತ್ರ ಇವು ಮೂರೂ ಇದ್ದರೆ, ಬೆಲೆ ಹಿಡಿಸದಾಗ ಏಳಬಲ್ಲ ಸ್ವಾತಂತ್ರ್ಯವು ಆ ಕುಟುಂಬಕ್ಕೂ ಲಭಿಸುತ್ತದೆ. ಮನೆಯಲ್ಲಿ ಓದು ಬಲ್ಲ ಮಗನೋ ಮಗಳೋ ಇದ್ದಲ್ಲಿ, ಚೀಟಿಯಲ್ಲಿ ಆ ಎರಡು ಅಂಕೆಗಳನ್ನು ಬರೆದುಕೊಡುವ ಕೆಲಸವನ್ನು ಅವರೇ ವಹಿಸಿಕೊಳ್ಳಲಿ.