ಊರಿನ ಕೋರ್ಟಿನಲ್ಲಿ ಉಳಿದ ನಮ್ಮ ಕಾಗದಪತ್ರಗಳು

ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಾವು ಹಾಸಿಗೆ ಪಾತ್ರೆಗಳನ್ನು ತಂದೆವು, ದೇವರ ಪೆಟ್ಟಿಗೆಯನ್ನೂ ಮರೆಯದೆ ತಂದೆವು. ಆದರೆ ಮನೆತನದ ಕೋರ್ಟು ಕಾಗದಗಳನ್ನು ತಂದವರು ನಮ್ಮಲ್ಲಿ ಬಹಳ ಕಡಮೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಆ ಕಾಗದಗಳ ನೆನಪೇ ಬೇಡವೆನಿಸುವುದು ಸಹಜ. ಆದರೂ ಅವು ಬೇಕಾಗುವ ದಿನ ಬಂದೇ ಬರುತ್ತದೆ. ಆ ದಿನ ಪುಣೆಯಲ್ಲೋ ದೆಹಲಿಯಲ್ಲೋ ಕುಳಿತು, ಎಲ್ಲಿ ಹುಡುಕುವುದು, ಯಾರನ್ನು ಕೇಳುವುದು ಎಂದು ತಿಳಿಯದೆ ಕಂಗಾಲಾಗುವವರು ಅನೇಕರು. ಅಂಥವರಿಗಾಗಿ ಈ ನಾಲ್ಕು ಮಾತು.

ಬೇಕಾಗುವುದು ಯಾವಾಗ? ವಿಚ್ಛೇದನ ಪಡೆದ ಹೆಣ್ಣುಮಗಳಿಗೆ ಮರುವಿವಾಹದ ಯೋಗ ಕೂಡಿಬಂದಾಗ ವಿವಾಹ ನೋಂದಣಿಯ ಅಧಿಕಾರಿ ಡಿಕ್ರಿಯ ನಕಲನ್ನು ಕೇಳುತ್ತಾನೆ. ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಒಂಟಿ ತಾಯಿಗೆ ಪಾಲನೆಯ ಆಜ್ಞೆ ಬೇಕಾಗಬಹುದು. ಇವೆರಡಕ್ಕಿಂತಲೂ ಹೆಚ್ಚಾಗಿ ಈಚೆಗೆ ಬೇಕಾಗುತ್ತಿರುವುದು ಹಳೆಯ ಪಾಲುವಿಭಾಗದ ಡಿಕ್ರಿ. ೨೦೦೫ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಬಂದಿತು. ಆದರೆ ೨೦೦೪ರ ಡಿಸೆಂಬರ್ ೨೦ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿಹೋದ ವಿಭಾಗಕ್ಕೆ ಈ ತಿದ್ದುಪಡಿ ತಗಲುವುದಿಲ್ಲ. ಆದುದರಿಂದ “ಆಸ್ತಿ ಎಂದೋ ಪಾಲಾಗಿದೆ” ಎಂದು ಊರಿನಲ್ಲಿರುವ ಅಣ್ಣ ಹೇಳಿದರೆ, ಮುಂಬಯಿಯಲ್ಲಿರುವ ತಂಗಿ ಕೇಳಬೇಕಾದ ಮೊದಲ ಪ್ರಶ್ನೆ “ಡಿಕ್ರಿ ಎಲ್ಲಿದೆ?” ಎಂಬುದು. ಜಗಳವಾಡುವುದಕ್ಕಲ್ಲ, ನಿಜಾಂಶ ತಿಳಿಯುವುದಕ್ಕೆ. ಅಣ್ಣನ ಮಾತು ನಿಜವಾಗಿದ್ದರೆ ಒಂದು ಕಾಗದದಿಂದಲೇ ಮನಸ್ತಾಪ ತಪ್ಪೀತು. ಇಲ್ಲವಾದರೆ ತಂಗಿಯ ಹಕ್ಕು ಉಳಿದೀತು.

ಮೊದಲು ತಿಳಿಯಬೇಕಾದುದು ಯಾವ ಕೋರ್ಟು ಎಂಬುದು. ಕುಟುಂಬ ನ್ಯಾಯಾಲಯಗಳು ೧೯೮೪ರ ಕಾಯಿದೆಯಿಂದ ಬಂದವು. ವಿವಾಹ, ವಿಚ್ಛೇದನ, ಜೀವನಾಂಶ, ದಂಪತಿಗಳ ನಡುವಣ ಸ್ವತ್ತು, ಮಕ್ಕಳ ಪಾಲನೆ ಮುಂತಾದವು ಅವುಗಳ ಪಾಲಿಗೆ ಸೇರಿವೆ. ಹೆಸರಿನಲ್ಲಿ ‘ಕುಟುಂಬ’ ಎಂದಿದ್ದರೂ ಅಣ್ಣತಮ್ಮಂದಿರ ಪಾಲಿನ ದಾವೆ ಅಲ್ಲಿಗೆ ಹೋಗುವುದಿಲ್ಲ. ಅದು ಸಿವಿಲ್ ಕೋರ್ಟಿನದು. ವಾರಸಾ ಪ್ರಮಾಣಪತ್ರವೂ ಹಾಗೆಯೇ. ಕುಟುಂಬ ನ್ಯಾಯಾಲಯ ಸ್ಥಾಪನೆಯಾಗುವ ಮುಂಚಿನ ವಿಚ್ಛೇದನದ ಕಡತಗಳನ್ನು ಹುಡುಕುವವರು ಜಿಲ್ಲೆಯ ಸಿವಿಲ್ ನ್ಯಾಯಾಲಯಗಳಲ್ಲಿ ವಿಚಾರಿಸಬೇಕು.

ಎರಡನೆಯದು ಯಾವ ಜಿಲ್ಲೆ ಎಂಬುದು. ಇದು ಸುಲಭವೆಂದು ತೋರಿದರೂ ಸುಲಭವಲ್ಲ. ಅಜ್ಜ “ಧಾರವಾಡ ಜಿಲ್ಲೆ” ಎಂದು ಹೇಳುತ್ತಿದ್ದ ಊರು ಇಂದು ಗದಗಿಗೋ ಹಾವೇರಿಗೋ ಸೇರಿರಬಹುದು. ಆ ಎರಡೂ ೧೯೯೭ರಲ್ಲಿ ಬೇರೆಯಾದವು. ಬಿಜಾಪುರದಿಂದ ಬಾಗಲಕೋಟೆ, ರಾಯಚೂರಿನಿಂದ ಕೊಪ್ಪಳ, ದಕ್ಷಿಣ ಕನ್ನಡದಿಂದ ಉಡುಪಿ, ಮೈಸೂರಿನಿಂದ ಚಾಮರಾಜನಗರ ಅದೇ ವರ್ಷ ಬೇರ್ಪಟ್ಟವು. ೨೦೧೪ರಲ್ಲಿ ಹಲವು ಊರುಗಳ ಅಧಿಕೃತ ಹೆಸರೂ ಬದಲಾಯಿತು: ಬಿಜಾಪುರ ವಿಜಯಪುರವಾಯಿತು, ಗುಲಬರ್ಗ ಕಲಬುರಗಿಯಾಯಿತು. ಹೀಗಾಗಿ ಹೊಸ ಜಿಲ್ಲೆಯಲ್ಲಿ ಸಿಕ್ಕದ ಕಡತವನ್ನು ಹಳೆಯ ಜಿಲ್ಲೆಯ ದಫ್ತರಖಾನೆಯಲ್ಲಿ ಹುಡುಕತಕ್ಕದ್ದು.

೧೯೫೬ರ ನವೆಂಬರ್ ೧ಕ್ಕಿಂತ ಹಿಂದಿನದಾದರೆ ಇನ್ನೂ ಸ್ವಾರಸ್ಯ. ಆಗ ಧಾರವಾಡ, ಬೆಳಗಾಂವಿ, ಬಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತದಲ್ಲಿದ್ದವು. ಗುಲಬರ್ಗ, ಬೀದರ, ರಾಯಚೂರು ಹೈದರಾಬಾದಿನಲ್ಲಿದ್ದವು. ದಕ್ಷಿಣ ಕನ್ನಡ ಮದರಾಸಿನಲ್ಲಿತ್ತು. ಬಳ್ಳಾರಿ ೧೯೫೩ರಲ್ಲೇ ಮೈಸೂರಿಗೆ ಬಂದಿತು. ಅಂದಿನ ಮೇಲ್ಮನವಿಗಳು ಆಯಾ ರಾಜ್ಯದ ಹೈಕೋರ್ಟಿಗೆ ಹೋಗುತ್ತಿದ್ದವು. ಅಜ್ಜನ ಅಪೀಲು ಆಗಲೇ ತೀರ್ಮಾನವಾಗಿದ್ದರೆ, ಮುಂಬಯಿಯ ಅಥವಾ ಚೆನ್ನೈಯ ನಮ್ಮ ಬಂಧುಗಳು ತಾವಿರುವ ಊರಿನ ಹೈಕೋರ್ಟಿನಲ್ಲೇ ವಿಚಾರಿಸುವುದು ಯುಕ್ತ. ಹೈದರಾಬಾದು ಭಾಗದ ಹಳೆಯ ಕಾಗದಗಳು ಉರ್ದುವಿನಲ್ಲಿರುವುದುಂಟು. ಮುಂಬಯಿ ಭಾಗದವು ಮೋಡಿ ಲಿಪಿಯಲ್ಲಿರುವುದೂ ಉಂಟು. ಓದಬಲ್ಲ ಹಿರಿಯರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮೂರನೆಯದು ಮೊಕದ್ದಮೆಯ ಸಂಖ್ಯೆ ಮತ್ತು ವರ್ಷ. ಕಚೇರಿಯ ಕಡತಗಳ ನಡುವೆಯೇ ದಿನ ಕಳೆಯುವ ನಾವು ಇದನ್ನು ಒತ್ತಿ ಹೇಳಬೇಕಾಗಿದೆ: ಸಂಖ್ಯೆಯಿಲ್ಲದ ಅರ್ಜಿ ವಿಳಾಸವಿಲ್ಲದ ಕಾಗದದಂತೆ. ಈಚಿನ ಮೊಕದ್ದಮೆಗಳಾದರೆ ಇ-ಕೋರ್ಟ್ಸ್ ಅಂತರಜಾಲ ತಾಣದಲ್ಲಿ ಜಿಲ್ಲೆ ಮತ್ತು ಕೋರ್ಟನ್ನು ಆರಿಸಿ, ಪಕ್ಷಗಾರರ ಹೆಸರು ಮತ್ತು ವರ್ಷದಿಂದ ಹುಡುಕಬಹುದು. ‘ಮುಗಿದ ಮೊಕದ್ದಮೆ’ಗಳ ಪಟ್ಟಿಯನ್ನೂ ನೋಡಲು ಮರೆಯಬಾರದು. ಅಲ್ಲಿ ಪ್ರತಿಯೊಂದಕ್ಕೂ ಸಿ.ಎನ್.ಆರ್. ಎಂಬ ೧೬ ಅಕ್ಷರ-ಅಂಕಿಗಳ ಗುರುತು ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಬೇಕು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹತ್ತು ಬಗೆಯಾಗಿ ಬರೆಯುತ್ತಾರೆ. ಒಂದು ಕಡೆ ಮನೆತನದ ಹೆಸರು, ಇನ್ನೊಂದು ಕಡೆ ಬರೀ ಇನಿಷಿಯಲ್ಲು. ಆದುದರಿಂದ ಒಂದು ಸಲ ಸಿಕ್ಕದಿದ್ದರೆ ಕಾಗುಣಿತ ಬದಲಾಯಿಸಿ ಮತ್ತೆ ನೋಡಬೇಕು.

ಹಳೆಯ ಮೊಕದ್ದಮೆಗಳು ಅಲ್ಲಿ ಸಿಕ್ಕುವುದು ಕಷ್ಟ. ಆಗ ಊರಿನ ಹಳೆಯ ವಕೀಲರ ಮನೆ, ಪಹಣಿ ಮತ್ತು ಮ್ಯುಟೇಶನ್ ದಾಖಲೆ, ಅಜ್ಜನ ಟ್ರಂಕಿನಲ್ಲಿರುವ ಸಮನ್ಸು ಅಥವಾ ನೋಟೀಸು, ಇವುಗಳಲ್ಲಿ ಸಂಖ್ಯೆ ದೊರಕೀತು. ‘ಓ.ಎಸ್.’ ಎಂದಿದ್ದರೆ ಅಸಲು ದಾವೆ, ಕರ್ನಾಟಕದಲ್ಲಿ ‘ಎಂ.ಸಿ.’ ಎಂದಿದ್ದರೆ ವಿವಾಹ ಸಂಬಂಧದ್ದು.

ಇಷ್ಟಾದ ಮೇಲೆ ನಕಲಿನ ಅರ್ಜಿ. ಕೋರ್ಟಿನ ಹೆಸರು, ಸಂಖ್ಯೆ, ವರ್ಷ, ಉಭಯಪಕ್ಷಗಳ ಹೆಸರು, ತೀರ್ಮಾನದ ತಾರೀಖು, ಬೇಕಾದ ಕಾಗದ ಯಾವುದು ಎಂಬುದನ್ನು ಸ್ಪಷ್ಟವಾಗಿ ಬರೆದು, ನಿಗದಿಯಾದ ಶುಲ್ಕ ತೆತ್ತು ಸಲ್ಲಿಸಬೇಕು. ‘ದೃಢೀಕೃತ ನಕಲು’ ಎಂದೇ ಕೇಳಬೇಕು. ಮೊಹರಿಲ್ಲದ ಪ್ರತಿ ಕಚೇರಿಗಳಲ್ಲಿ ಸಲ್ಲದು. ತೀರ್ಪು ಬೇರೆ, ಡಿಕ್ರಿ ಬೇರೆ. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಡಿಕ್ರಿಯಲ್ಲಿ ನಿರ್ಣಯವಿರುತ್ತದೆ. ಎರಡನ್ನೂ ಕೇಳುವುದು ಲೇಸು. ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ, ಅಂತಿಮ ಡಿಕ್ರಿ ಎಂದು ಎರಡುಂಟು. ಅಂತಿಮ ಡಿಕ್ರಿ ಆಗಿದೆಯೋ ಇಲ್ಲವೋ ಎಂಬುದರ ಮೇಲೆ ಹೆಣ್ಣುಮಕ್ಕಳ ಪಾಲು ನಿಲ್ಲಬಹುದಾದುದರಿಂದ ಇಲ್ಲಿ ಉದಾಸೀನ ಸಲ್ಲದು.

ಒಂದು ವಿಷಯ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಬೇಕು. ೧೯೫೫ರ ಹಿಂದೂ ವಿವಾಹ ಕಾಯಿದೆಯ ೨೩ನೆಯ ಪ್ರಕರಣದಂತೆ, ವಿಚ್ಛೇದನದ ಡಿಕ್ರಿಯಾದಾಗ ಅದರ ಒಂದು ಪ್ರತಿಯನ್ನು ಗಂಡ ಹೆಂಡತಿ ಇಬ್ಬರಿಗೂ ಕೋರ್ಟು ಪುಕ್ಕಟೆಯಾಗಿ ಕೊಡಬೇಕು.

ಯಾರು ಕೇಳಬಹುದು? ಪಕ್ಷಗಾರರಿಗೆ ಅಡ್ಡಿಯಿಲ್ಲ. ತೀರಿಕೊಂಡವರ ವಾರಸುದಾರರು ತಮ್ಮ ಸಂಬಂಧಕ್ಕೆ ಆಧಾರ ತೋರಿಸಬೇಕು. ಹೊರಗಿನವರು ಕಾರಣ ತಿಳಿಸಿ, ಪ್ರಮಾಣಪತ್ರ ಸಲ್ಲಿಸಿ, ಅನುಮತಿ ಬೇಡಬೇಕಾಗುತ್ತದೆ. ಹಿಂದೂ ವಿವಾಹ ಕಾಯಿದೆಯ ಮೊಕದ್ದಮೆಗಳ ವಿಚಾರಣೆ ಗೋಪ್ಯ; ಅದನ್ನು ಅಚ್ಚುಹಾಕಿಸಿ ಪ್ರಕಟಿಸುವುದಕ್ಕೂ ನಿರ್ಬಂಧವಿದೆ. ಬೀಗರ ಮನೆಯ ಗುಟ್ಟು ತಿಳಿಯಲು ನಕಲು ಕೇಳುವವರಿಗೆ ಬಾಗಿಲು ಮುಚ್ಚಿದೆ ಎಂದರೆ ಅದು ಸರಿಯೇ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರಾಯಿತೆಂದು ಕೆಲವರು ಹೇಳುತ್ತಾರೆ. ಕೋರ್ಟಿನ ನಿಯಮಗಳಲ್ಲೇ ನಕಲಿಗೆ ದಾರಿಯಿರುವಾಗ ಆ ದಾರಿಯಲ್ಲೇ ಹೋಗಬೇಕೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ಹೇಳಿದೆ. ನಾವೇ ಊರಿಗೆ ಹೋಗಲಾರದಿದ್ದರೆ ಅಲ್ಲಿನ ವಕೀಲರ ಮೂಲಕ ಅರ್ಜಿ ಹಾಕಿಸಬಹುದು.

ಕೊನೆಯದಾಗಿ ಎರಡು ಎಚ್ಚರಿಕೆ. ಕೋರ್ಟು ಎಲ್ಲ ಕಾಗದಗಳನ್ನೂ ಎಂದೆಂದಿಗೂ ಇಡುವುದಿಲ್ಲ. ಅವಧಿ ತೀರಿದವನ್ನು ನಿಯಮದಂತೆ ನಾಶಮಾಡುತ್ತಾರೆ. ತೀರ್ಪು ಡಿಕ್ರಿಗಳಿಗೆ ಆಯುಸ್ಸು ಹೆಚ್ಚು, ಸಾಕ್ಷಿಯ ಕಾಗದಗಳಿಗೆ ಕಡಮೆ. ಎರಡನೆಯದಾಗಿ, ದಾವೆಯಲ್ಲಿ ಹಾಜರುಪಡಿಸಿದ ಮೂಲ ಕ್ರಯಪತ್ರ ಮುಂತಾದುವನ್ನು, ದಾವೆ ಮುಗಿದು ಅಪೀಲಿನ ಅವಧಿಯೂ ಕಳೆದ ಮೇಲೆ, ಅರ್ಜಿ ಕೊಟ್ಟು ಹಿಂದಕ್ಕೆ ಪಡೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಗೆದ್ದ ಸಂತೋಷದಲ್ಲೋ ಸೋತ ಬೇಸರದಲ್ಲೋ ಅವನ್ನು ಅಲ್ಲಿಯೇ ಬಿಟ್ಟು ಬಂದ ಮನೆಗಳು ಎಷ್ಟೋ.

ಈ ಸಲ ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ, ಹಿರಿಯರು ಎದುರಿಗಿರುವಾಗಲೇ ನೋಟುಪುಸ್ತಕವೊಂದನ್ನು ತೆರೆದು ಕೋರ್ಟಿನ ಹೆಸರು, ಸಂಖ್ಯೆ, ವರ್ಷ, ವಕೀಲರ ಹೆಸರು ಇಷ್ಟನ್ನು ಬರೆದುಕೊಳ್ಳೋಣ. ಅರ್ಧ ಗಂಟೆಯ ಕೆಲಸ. ಅವರು ಹೋದ ಮೇಲೆ ಅದಕ್ಕೆ ಅರ್ಧ ವರ್ಷವೂ ಸಾಲದು.